ಬಾಯ್ಲರ್‌ನ ಕಾದ ನೀರು ಗೀಸರ್‌ಗೆ: ತೊಂದರೆ ಬಂದಾಗ ದೋಷ ಹುಡುಕುವ ಬಗೆ

ಗೀಸರ್ ಮಾಡುವವರು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ: ಒಳಗೆ ಬರುವುದು ತಣ್ಣೀರು. ನೀರು ಒಳಬರುವ ಪೈಪಿನ (ಒಳಪೈಪಿನ) ವಾಷರ್, ಅಲ್ಲೇ ಕೂತಿರುವ ಸೇಫ್ಟಿ ವಾಲ್ವ್, ಥರ್ಮೋಸ್ಟಾಟ್, ಅದರ ಪಕ್ಕದಲ್ಲಿದ್ದು ನೀರು ಅತಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಎಲ್ಲವೂ ಈ ಲೆಕ್ಕದ ಮೇಲೇ ನಿಂತಿವೆ. ಬಾಯ್ಲರ್‌ನಲ್ಲಿ ಕಾದ ನೀರನ್ನು ಅದೇ ಪೈಪಿಗೆ ಬಿಟ್ಟ ದಿನ ಲೆಕ್ಕ ಬದಲಾಗುತ್ತದೆ. ಗೀಸರ್ ಮಾತ್ರ ಹಳೆಯ ಲೆಕ್ಕದಲ್ಲೇ ಕೆಲಸ ಮಾಡುತ್ತಿರುತ್ತದೆ.

ಜೋಡಣೆ ಒಳ್ಳೆಯದೇ, ಅದರಲ್ಲಿ ಅನುಮಾನ ಬೇಡ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 2 ಕಿಲೋವ್ಯಾಟ್ ಗೀಸರ್‌ಗೆ ಸುಮಾರು 18 ನಿಮಿಷ ಬೇಕು. ಅದೇ ನೀರು 50 ಡಿಗ್ರಿಯಲ್ಲಿ ಬಂದರೆ 5 ನಿಮಿಷ ಸಾಕು. ಆದರೆ ಏನಾದರೂ ಕೆಟ್ಟಾಗ ಎಲ್ಲರೂ ಮೊದಲು ಗೀಸರ್ ಬಿಚ್ಚುತ್ತಾರೆ. ನೀರು ಕಾಯಿಸುವ ಎಲಿಮೆಂಟ್ ಬದಲಾಯಿಸುತ್ತಾರೆ, ಥರ್ಮೋಸ್ಟಾಟ್ ಬದಲಾಯಿಸುತ್ತಾರೆ, ಎರಡು ವಾರದಲ್ಲಿ ಅದೇ ತೊಂದರೆ ಮತ್ತೆ. ನಾನು ಬಿಚ್ಚಿ ನೋಡಿದ ಜೋಡಣೆಗಳಲ್ಲಿ ಜಾಸ್ತಿ ಸಲ ತಪ್ಪು ಇದ್ದದ್ದು ಬಾಯ್ಲರ್‌ಗೂ ಗೀಸರ್‌ಗೂ ನಡುವಿನ ಪೈಪಿನಲ್ಲಿ. ಅದಕ್ಕೇ ಹೇಳುತ್ತೇನೆ: ಮೊದಲು ಅಳೆಯಿರಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಅದು ಯಾವ ನೀರು?

"ಬಾಯ್ಲರ್ ನೀರು" ಅಂದರೆ ಎರಡು ಬೇರೆ ಬೇರೆ ನೀರು. ಒಂದು, ನಲ್ಲಿಗೆ ಬರುವ ಶುದ್ಧ ನೀರೇ ಬಾಯ್ಲರ್ ಮೂಲಕ ಹಾದು ಬಿಸಿಯಾಗಿ ಬರುವುದು. ಇನ್ನೊಂದು, ಮನೆ ಬೆಚ್ಚಗಿಡಲು ರೇಡಿಯೇಟರ್‌ಗಳಲ್ಲಿ ಸುತ್ತುತ್ತಲೇ ಇರುವ ನೀರು. ಎರಡನೆಯದರಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ. ಕೆಲವು ಕಡೆ ಹೆಪ್ಪುಗಟ್ಟದಂತೆ ಹಾಕಿದ ದ್ರಾವಣವೂ ಇರುತ್ತದೆ. ಆ ನೀರು ಸ್ನಾನಕ್ಕೂ ಅಲ್ಲ, ಅಡುಗೆಗೂ ಅಲ್ಲ. ಅದರ ಶಾಖ ಬೇಕಿದ್ದರೆ ನಡುವೆ ಒಂದು ತಾಮ್ರದ ಸುರುಳಿಯೋ ಹೀಟ್ ಎಕ್ಸ್‌ಚೇಂಜರೋ ಇರಲೇಬೇಕು. ಶಾಖ ಮಾತ್ರ ಆಚೆಯಿಂದ ಈಚೆಗೆ ದಾಟಬೇಕು, ನೀರು ದಾಟಬಾರದು.

ಪರೀಕ್ಷೆ ಸುಲಭ. ಬಿಸಿನೀರನ್ನು ಬಿಳಿ ಲೋಟಕ್ಕೆ ಹಿಡಿದು ನೋಡಿ. ಬೂದು ಅಥವಾ ಕಪ್ಪು ಛಾಯೆ, ಎಣ್ಣೆಯಂತೆ ಹೊಳಪು, ತಳದಲ್ಲಿ ಕಪ್ಪು ಪುಡಿ ಕಂಡರೆ ಅನುಮಾನಪಡಿ. ಆಮೇಲೆ ಬಿಸಿನೀರಿನ ನಲ್ಲಿ ತೆರೆದಿಟ್ಟು ಬಾಯ್ಲರ್‌ನ ಒತ್ತಡದ ಮುಳ್ಳನ್ನು ಗಮನಿಸಿ. ರೇಡಿಯೇಟರ್ ಕಡೆಯ ಮುಳ್ಳು ಇಳಿಯುತ್ತಾ ಹೋದರೆ ಆ ನೀರೇ ನಿಮ್ಮ ನಲ್ಲಿಗೆ ಬರುತ್ತಿದೆ ಅಂತ ಅರ್ಥ. ಸುರುಳಿಯಲ್ಲಿ ತೂತು ಬಿದ್ದಿರಬಹುದು, ಅಥವಾ ಜೋಡಿಸಿದವರು ಪೈಪು ತಪ್ಪಿಸಿರಬಹುದು. ಯಾವುದೇ ಆಗಲಿ, ನೀರು ಬಳಸುವುದನ್ನು ನಿಲ್ಲಿಸಿ. ಬೇರೆ ದೋಷ ಆಮೇಲೆ ಹುಡುಕಬಹುದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಯ್ಲರ್‌ಗೆ ತನ್ನದೇ ಆದ ಗಾಳಿಕೊಳವೆ ಅಥವಾ ಸೇಫ್ಟಿ ವಾಲ್ವ್ ಇರಬೇಕು. ಅದರ ದಾರಿಯಲ್ಲಿ ಮುಚ್ಚುವಂಥ ಯಾವ ವಾಲ್ವೂ ಇರಬಾರದು. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರ್‌ಗೂ ಜಾಸ್ತಿ ಜಾಗ ಬೇಡುತ್ತದೆ. ಜಾಗ ಸಿಗದಿದ್ದರೆ ಬಾಯ್ಲರ್ ಒಡೆಯುತ್ತದೆ. ಇದು ಸರಿಯಿಲ್ಲ ಅಂತ ಕಂಡರೆ ಬೆಂಕಿ ಆರಿಸಿ, ಅದನ್ನು ಸರಿ ಮಾಡಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಥರ್ಮಾಮೀಟರ್, ಬಕೆಟ್, ಗಡಿಯಾರ

ಅಡುಗೆಮನೆಯಲ್ಲಿ ಬಳಸುವ ಕಡ್ಡಿಯಂಥ ಥರ್ಮಾಮೀಟರ್ ಸಾಕು. ಅದರ ತುದಿಯನ್ನು ಗೀಸರ್‌ನ ಒಳಪೈಪಿನ ಲೋಹದ ಭಾಗಕ್ಕೆ ಒತ್ತಿ ಟೇಪ್ ಸುತ್ತಿ. ಮೇಲೆ ನಾಲ್ಕು ಸುತ್ತು ಬಟ್ಟೆ ಕಟ್ಟಿ. ಪ್ಲಾಸ್ಟಿಕ್ ಪೈಪಿಗೆ ಕಟ್ಟಿದರೆ ಓದು ತಡವಾಗಿ ಬರುತ್ತದೆ, ಡಿಗ್ರಿಯೂ ಕಡಿಮೆ ತೋರಿಸುತ್ತದೆ. ಇನ್‌ಫ್ರಾರೆಡ್ ಗನ್ ಇದ್ದರೆ ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿಯಬೇಡಿ, ಅದು ಸುಳ್ಳು ಹೇಳುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಈಗ ಗೀಸರ್‌ನ ಎಂಸಿಬಿ (ಅದಕ್ಕೆ ಹೋಗುವ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ. ಬಾಯ್ಲರ್ ಚೆನ್ನಾಗಿ ಕಾದಿರಲಿ. ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಬಕೆಟ್ ಇಡಿ. ಬಕೆಟ್‌ಗೆ ಪ್ರತಿ ಎರಡು ಲೀಟರ್ ಬಿದ್ದಾಗಲೂ ಒಳಪೈಪಿನ ಬಿಸಿ ಎಷ್ಟಿದೆ ಅಂತ ಬರೆದುಕೊಳ್ಳಿ. ಒಟ್ಟು 20ರಿಂದ 24 ಲೀಟರ್ ಆಗುವವರೆಗೆ ನಡುವೆ ನಿಲ್ಲಿಸಬೇಡಿ. ಈ ಹತ್ತು ಹನ್ನೆರಡು ಸಾಲು ಬರಹ ನಿಮಗೆ ಅರ್ಧ ಉತ್ತರ ಕೊಡುತ್ತದೆ.

ಮೊದಲ ಕೆಲವು ಲೀಟರ್ ತಣ್ಣಗಿದ್ದು, ಆಮೇಲೆ ಏರಿ ಅಲ್ಲೇ ನಿಂತರೆ ನಡುವಿನ ಪೈಪು ಉದ್ದ ಜಾಸ್ತಿ. ಬಿಸಿಯಾಗಿ ಶುರುವಾಗಿ ಬೇಗ ಇಳಿದರೆ ಬಾಯ್ಲರ್‌ನ ಟ್ಯಾಂಕ್ ಚಿಕ್ಕದು, ಅಥವಾ ಸುರುಳಿಗೆ ಸುಣ್ಣ ಕಟ್ಟಿ ಶಾಖ ದಾಟುತ್ತಿಲ್ಲ. 70 ಡಿಗ್ರಿ ದಾಟಿ ಏರುತ್ತಲೇ ಹೋದರೆ ನಿಮ್ಮ ಗೀಸರ್‌ನ ಕಟ್‌ಔಟ್ ಯಾಕೆ ಹಾರುತ್ತಿತ್ತು ಅಂತ ಅಲ್ಲೇ ಗೊತ್ತಾಯಿತು. ಬಾಯ್ಲರ್ ಕುದಿಯುವಷ್ಟು ಕಾದಿದ್ದರೂ ಕೊನೆಯವರೆಗೆ ಉಗುರುಬೆಚ್ಚಗೆ ಮಾತ್ರ ಬಂದರೆ ಎಲ್ಲೋ ತಣ್ಣೀರು ಬೆರೆಯುತ್ತಿದೆ.

ಬಾಯ್ಲರ್ ಇದ್ದರೂ ಕರೆಂಟ್ ಬಿಲ್ ಇಳಿದಿಲ್ಲ

ಇದು ಎಲ್ಲಕ್ಕಿಂತ ಸಾಮಾನ್ಯವಾದ ದೂರು. ಇದಕ್ಕೆ ಎರಡು ಕಾರಣ, ಎರಡೂ ಪೈಪಿನವೇ.

ಒಳವ್ಯಾಸ 20 ಮಿಲಿಮೀಟರ್ ಇರುವ ಪೈಪಿನ ಒಂದು ಮೀಟರ್‌ನಲ್ಲಿ ಸುಮಾರು 0.31 ಲೀಟರ್ ನೀರು ನಿಂತಿರುತ್ತದೆ. ಬಾಯ್ಲರ್ 12 ಮೀಟರ್ ದೂರ ಇದ್ದರೆ ಪೈಪಿನಲ್ಲೇ 3.8 ಲೀಟರ್. ನಲ್ಲಿ ಮುಚ್ಚಿದ ಮೇಲೆ ಆ ನೀರು ನಿಂತಲ್ಲೇ ಆರುತ್ತದೆ. ಮುಂದಿನ ಸಲ ನಲ್ಲಿ ತೆರೆದಾಗ ಗೀಸರ್ ಒಳಗೆ ಮೊದಲು ನುಗ್ಗುವುದು ಆ 3.8 ಲೀಟರ್ ತಣ್ಣೀರು. ಕೈ ತೊಳೆಯಲು, ಪಾತ್ರೆ ತೊಳೆಯಲು ಒಂದೊಂದು ಗಂಟೆಗೆ ಮೂರು ಮೂರು ಲೀಟರ್ ತೆಗೆಯುವ ಮನೆಯಲ್ಲಿ ಬಾಯ್ಲರ್‌ನ ಬಿಸಿನೀರು ಗೀಸರ್ ಮುಟ್ಟುವುದೇ ಇಲ್ಲ. ಬಾಯ್ಲರ್ ಅಲ್ಲಿ ಕಾಯುತ್ತಿರುತ್ತದೆ, ಗೀಸರ್ ಇಲ್ಲಿ ಕರೆಂಟ್ ತಿನ್ನುತ್ತಿರುತ್ತದೆ. ಒಟ್ಟಿಗೆ ಸ್ನಾನ ಮಾಡುವ ಹೊತ್ತಿನಲ್ಲಿ ಮಾತ್ರ ಲಾಭ ಸಿಗುತ್ತದೆ. ಪೈಪಿಗೆ ದಪ್ಪ ಫೋಮ್ ಕವಚ ಹಾಕಿ. ಅದಕ್ಕಿಂತ ಒಳ್ಳೆಯದು, ಗೀಸರ್‌ನ್ನು ಬಾಯ್ಲರ್ ಹತ್ತಿರ ತರುವುದು ಅಥವಾ ನಡುವಿನ ಪೈಪನ್ನು ಹತ್ತಿರದ ದಾರಿಯಲ್ಲಿ ಎಳೆಸುವುದು.

ಎರಡನೆಯ ಕಾರಣ ನನ್ನ ಮನೆಯಲ್ಲೇ ಆದದ್ದು. ಬಾಯ್ಲರ್‌ನ ಟ್ಯಾಂಕ್ ಮೇಲಿತ್ತು, ಗೀಸರ್ ಕೆಳಗೆ. ರಾತ್ರಿ ಬಾಯ್ಲರ್ ಆರಿದ ಮೇಲೂ ಗೀಸರ್‌ನ ದೀಪ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಒಂದು ನಲ್ಲಿಯೂ ತೆರೆದಿರಲಿಲ್ಲ. ಒಳಪೈಪಿನ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು. ಗೀಸರ್ ಹತ್ತಿರ ಅದು ಸಹಜ ಅಂದುಕೊಂಡು ಒಂದು ಗೇಣು ಮೇಲೆ ಇಟ್ಟೆ, ಬೆಚ್ಚಗಿತ್ತು. ಸ್ಟೂಲ್ ಹಾಕಿ ತಲೆಯ ಮೇಲಕ್ಕೆ ಕೈ ಚಾಚಿದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್‌ರಿಟರ್ನ್ ವಾಲ್ವ್ ದಾಟಿ ಆಚೆಯ ಪೈಪು ಕೂಡ ಬೆಚ್ಚಗೇ ಇತ್ತು. ಬಿಸಿನೀರು ಹಗುರ, ಮೇಲೇರುತ್ತದೆ. ಗೀಸರ್‌ನಲ್ಲಿ ಕರೆಂಟ್ ಕೊಟ್ಟು ಕಾಯಿಸಿದ ನೀರು ಮೆಲ್ಲಗೆ ಮೇಲಿನ ಟ್ಯಾಂಕ್‌ನತ್ತ ಹತ್ತುತ್ತಿತ್ತು, ಅಲ್ಲಿಯ ತಣ್ಣೀರು ಕೆಳಗಿಳಿಯುತ್ತಿತ್ತು. ಬೆಳಿಗ್ಗೆ ವಾಲ್ವ್ ಬಿಚ್ಚಿದಾಗ ಒಳಗಿನ ರಬ್ಬರ್ ಬಿಲ್ಲೆಯ ಅಂಚಿನಲ್ಲಿ ಎಳ್ಳಿನಷ್ಟು ದೊಡ್ಡ ಸುಣ್ಣದ ಚೂರು ಸಿಕ್ಕಿಕೊಂಡಿತ್ತು. ಅಷ್ಟೇ. ಆ ಚೂರಿನಿಂದ ಬಿಲ್ಲೆ ಪೂರ್ತಿ ಕೂರುತ್ತಿರಲಿಲ್ಲ.

ಚೂರು ತೆಗೆದು, ಬಿಲ್ಲೆಯನ್ನು ತಿರುಗಿಸಿ ಹಾಕಿದೆ. ಜೊತೆಗೆ ಪೈಪನ್ನು ಗೀಸರ್‌ಗೆ ಸೇರುವ ಮುಂಚೆ ಒಂದು ಗೇಣು ಕೆಳಗಿಳಿಸಿ ಮತ್ತೆ ಮೇಲೆತ್ತಿ ಜೋಡಿಸಿದೆ. ಆ ಬಾಗು ಇದ್ದರೆ ಬಿಸಿನೀರು ಕೆಳಗಿಳಿದು ದಾಟಲಾರದು, ವಾಲ್ವ್ ಕೈಕೊಟ್ಟರೂ ನಷ್ಟ ಕಡಿಮೆ. ವಾಲ್ವ್ ಮುಂದೆ ಒಂದು ಜಾಲರಿ ಫಿಲ್ಟರ್ ಹಾಕಿಸಿದರೆ ಇನ್ನೂ ಒಳ್ಳೆಯದು. ಬಾಯ್ಲರ್ ಕಡೆಯಿಂದ ಸುಣ್ಣದ ಚೂರು ಬರುತ್ತಲೇ ಇರುತ್ತದೆ.

ಕಟ್‌ಔಟ್ ಪದೇ ಪದೇ ಹಾರುತ್ತದೆ

ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವುದು ಕಟ್‌ಔಟ್‌ನ ಕೆಲಸ. ಟ್ಯಾಂಕ್ ಇರುವ ಹೆಚ್ಚಿನ ಗೀಸರ್‌ಗಳಲ್ಲಿ ಅದು ಒಮ್ಮೆ ಹಾರಿದರೆ ತಾನಾಗಿ ಸೇರುವುದಿಲ್ಲ, ಮುಚ್ಚಳ ತೆಗೆದು ಸಣ್ಣ ಗುಂಡಿ ಒತ್ತಬೇಕು. ಅದು ಎಷ್ಟು ಡಿಗ್ರಿಗೆ ಹಾರುತ್ತದೆ ಅಂತ ಅದರ ಮೈಮೇಲೇ ಬರೆದಿರುತ್ತದೆ.

ಇಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಒಂದು ಪರೀಕ್ಷೆ ಇದೆ. ಕಟ್‌ಔಟ್ ಒಳಗಿನ ಲೋಹದ ಬಿಲ್ಲೆ ಬಿಸಿಗೆ ಬಾಗುತ್ತದೆ, ಅದಕ್ಕೆ ಕರೆಂಟ್ ಬೇಕಿಲ್ಲ. ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ನೋಡಿಕೊಂಡು, ಗುಂಡಿ ಒತ್ತಿ ಮುಚ್ಚಳ ಹಾಕಿ. ಎಂಸಿಬಿ ಹಾಗೇ ಆಫ್ ಇರಲಿ. ಬಾಯ್ಲರ್ ಮಾತ್ರ ಎಂದಿನಂತೆ ಉರಿಸಿ, ನೀರು ಬಳಸಿ. ಮಾರನೆಯ ದಿನ ಮುಚ್ಚಳ ತೆಗೆದು ನೋಡಿ. ಕರೆಂಟ್ ಇಲ್ಲದೆಯೂ ಗುಂಡಿ ಎದ್ದಿದ್ದರೆ ಗೀಸರ್ ನಿರಪರಾಧಿ, ಬಾಯ್ಲರ್ ನೀರೇ ಅತಿ ಬಿಸಿ. ಗುಂಡಿ ಏಳದಿದ್ದರೆ ಬಾಯ್ಲರ್ ದಾರಿ ಮುಚ್ಚಿ, ತಣ್ಣೀರು ಕೊಟ್ಟು, ಕರೆಂಟ್‌ನಲ್ಲಿ ಒಂದು ದಿನ ಓಡಿಸಿ. ಆಗ ಹಾರಿದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ, ಅಥವಾ ಅದರ ಕಡ್ಡಿ ಗೂಡಿನಿಂದ ಹೊರಗೆ ಜಾರಿದೆ, ಇಲ್ಲವೇ ಎಲಿಮೆಂಟ್‌ಗೆ ಸುಣ್ಣ ದಪ್ಪಗೆ ಕಟ್ಟಿದೆ. ಕಟ್‌ಔಟ್‌ನ ಎರಡು ತಂತಿ ಸೇರಿಸಿ "ಸರಿ ಮಾಡುವವರು" ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಲು ಬಿಡಬೇಡಿ. ಆಮೇಲೆ ಥರ್ಮೋಸ್ಟಾಟ್ ಕೈಕೊಟ್ಟ ದಿನ ನೀರು ಕುದಿಯುವುದನ್ನು ತಡೆಯಲು ಏನೂ ಉಳಿದಿರುವುದಿಲ್ಲ.

ಬಾಯ್ಲರ್ ನೀರೇ ಅತಿ ಬಿಸಿ ಅಂತಾದರೆ ಗೀಸರ್‌ಗಿಂತ ಮುಂಚೆ ಒಂದು ಮಿಕ್ಸಿಂಗ್ ವಾಲ್ವ್ ಬೇಕು. ಬಿಸಿ ಏರಿದಾಗ ಅದು ತಾನಾಗಿ ತಣ್ಣೀರು ಬೆರೆಸುತ್ತದೆ. ಗ್ಯಾಸ್ ಬಾಯ್ಲರ್‌ನಲ್ಲಿ ಬಿಸಿ ಇಳಿಸುವ ಗುಂಡಿ ಇರುತ್ತದೆ, ಆದರೆ ಸೌದೆಯ ಬಾಯ್ಲರ್‌ಗೆ ಅದೆಲ್ಲಿ? ಅಲ್ಲಿ ಈ ವಾಲ್ವ್ ಬಿಟ್ಟರೆ ಬೇರೆ ದಾರಿಯಿಲ್ಲ. ವಾಲ್ವ್ ಇದ್ದೂ ಬಿಸಿ ಜಾಸ್ತಿ ಬರುತ್ತಿದ್ದರೆ ಅದರ ತಲೆ ತಿರುಗಿಸಿ ಥರ್ಮಾಮೀಟರ್ ನೋಡಿ. ತಿರುಗಿಸಿದರೂ ಡಿಗ್ರಿ ಬದಲಾಗದಿದ್ದರೆ ಒಳಗೆ ಸುಣ್ಣ ಹಿಡಿದು ಸಿಕ್ಕಿಕೊಂಡಿದೆ. ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿದರೆ ಹಲವು ಸಲ ಬಿಡುತ್ತದೆ. ತಣ್ಣೀರಿನ ಒತ್ತಡ ಬಿಸಿನೀರಿಗಿಂತ ತುಂಬ ಕಡಿಮೆ ಇದ್ದರೂ ಅದು ಸರಿಯಾಗಿ ಬೆರೆಸಲಾರದು, ಇದನ್ನೂ ನೋಡಿಕೊಳ್ಳಿ.

ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ

ನೀರು ಕಾದರೆ ಹಿಗ್ಗುತ್ತದೆ. 20ರಿಂದ 60 ಡಿಗ್ರಿಗೆ ಹೋದರೆ ಸುಮಾರು 1.5 ಶೇಕಡಾ. 25 ಲೀಟರ್ ಗೀಸರ್‌ನಲ್ಲಿ ಅದು ಸುಮಾರು 380 ಮಿಲಿಲೀಟರ್. ಹಿಂದೆ ಹೋಗಲು ನಾನ್‌ರಿಟರ್ನ್ ವಾಲ್ವ್ ಬಿಡುವುದಿಲ್ಲ, ಹಾಗಾಗಿ ಸೇಫ್ಟಿ ವಾಲ್ವ್‌ನಿಂದ ಒಂದಿಷ್ಟು ತೊಟ್ಟಿಕ್ಕುವುದು ಸಹಜ. ಬಾಯ್ಲರ್ ನೀರು 50 ಡಿಗ್ರಿಯಲ್ಲಿ ಒಳಗೆ ಬಂದರೆ ಗೀಸರ್ ಒಳಗಿನ ಹಿಗ್ಗು ಸುಮಾರು 120 ಮಿಲಿಲೀಟರ್ ಮಾತ್ರ. ಅಂದರೆ ಬಾಯ್ಲರ್ ಜೋಡಿಸಿದ ಮೇಲೆ ತೊಟ್ಟಿಕ್ಕುವುದು ಕಡಿಮೆಯಾಗಬೇಕು, ಅಲ್ವಾ? ಜಾಸ್ತಿಯಾಗಿದ್ದರೆ ಅಲ್ಲಿ ಬೇರೆ ಏನೋ ಇದೆ.

ಕೆಳಗೆ ಒಂದು ಲೋಟ ಇಟ್ಟು, ಯಾವಾಗ ತುಂಬುತ್ತದೆ ಅಂತ ನೋಡಿ. ಗೀಸರ್ ಆಫ್ ಇದ್ದು, ಬಾಯ್ಲರ್ ಕಾಯುತ್ತಿರುವಾಗ ತೊಟ್ಟಿಕ್ಕಿದರೆ ಇದು ಗಂಭೀರ. 100 ಲೀಟರ್‌ನ ಬಾಯ್ಲರ್ ಟ್ಯಾಂಕ್ 20ರಿಂದ 80 ಡಿಗ್ರಿಗೆ ಕಾದರೆ ಹತ್ತಿರಹತ್ತಿರ 2.7 ಲೀಟರ್ ಹಿಗ್ಗುತ್ತದೆ. ಬಾಯ್ಲರ್‌ನ ತಣ್ಣೀರಿನ ಬಾಯಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿ, ಹಿಗ್ಗುವ ನೀರಿಗೆ ಎಕ್ಸ್‌ಪಾನ್ಷನ್ ಟ್ಯಾಂಕೂ ಇಲ್ಲದೆ, ಬಾಯ್ಲರ್‌ನ ಸ್ವಂತ ವಾಲ್ವ್ ಕೂಡ ಕಟ್ಟಿಕೊಂಡಿದ್ದರೆ ಆ 2.7 ಲೀಟರ್ ಹೊರಬರಲು ಇರುವ ಒಂದೇ ಬಾಗಿಲು ಗೀಸರ್‌ನ ಈ ಪುಟ್ಟ ವಾಲ್ವ್. ಅದನ್ನು ಇಡೀ ಬಾಯ್ಲರ್‌ನ ಭಾರ ಹೊರಲು ಮಾಡಿಲ್ಲ. ಬೆಂಕಿ ಆರಿಸಿ, ಬಾಯ್ಲರ್ ಕಡೆಯ ಗಾಳಿಕೊಳವೆ, ವಾಲ್ವ್, ಎಕ್ಸ್‌ಪಾನ್ಷನ್ ಟ್ಯಾಂಕ್ ಮೂರನ್ನೂ ಪರೀಕ್ಷೆ ಮಾಡಿಸಿ.

ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದರೆ ವಾಲ್ವ್ ಸೀಟಿನಲ್ಲಿ ಕಸ ಕೂತಿದೆ, ಅಥವಾ ಬರುವ ನೀರಿನ ಒತ್ತಡವೇ ಜಾಸ್ತಿ. ವಾಲ್ವ್‌ನ ಹಿಡಿಯನ್ನು ಎರಡು ಸೆಕೆಂಡ್ ಎತ್ತಿ ಬಿಡಿ, ಕಸ ಹೋಗಬಹುದು. ಬಿಸಿನೀರು ಚಿಮ್ಮುತ್ತದೆ, ಮುಖ ದೂರ ಇಟ್ಟುಕೊಳ್ಳಿ. ತೊಟ್ಟಿಕ್ಕುತ್ತದೆ ಅಂತ ವಾಲ್ವ್ ಬಾಯಿಗೆ ಡಮ್ಮಿ ಹಾಕಿ ಮುಚ್ಚುವುದು ಮಾತ್ರ ಯಾವತ್ತೂ ಬೇಡ.

ಎಷ್ಟು ಕಾಯಿಸಿದರೂ ಉಗುರುಬೆಚ್ಚಗೆ

ಎಲಿಮೆಂಟ್ ಸತ್ತಿದೆಯೇ ಅಂತ ನೋಡಲು ಎಂಸಿಬಿ ಆಫ್ ಮಾಡಿ, ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟ್‌ನ 2 ಕಿಲೋವ್ಯಾಟ್ ಎಲಿಮೆಂಟ್ ಸುಮಾರು 26 ಓಮ್ ತೋರಿಸಬೇಕು, 3 ಕಿಲೋವ್ಯಾಟ್‌ನದು ಸುಮಾರು 18. ಅದು ಸರಿಯಿದ್ದರೆ ತಣ್ಣೀರು ಬೆರೆಯುವ ಜಾಗ ಹುಡುಕಿ.

ಗೀಸರ್‌ಗೆ ಬರುವ ನೀರಿನ ವಾಲ್ವ್ ಪೂರ್ತಿ ಮುಚ್ಚಿ. ಈಗ ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಎಲ್ಲೋ ತಣ್ಣೀರಿನ ಪೈಪು ಬಿಸಿನೀರಿನ ಪೈಪಿನೊಳಕ್ಕೆ ನುಗ್ಗುತ್ತಿದೆ. ಹೆಚ್ಚಾಗಿ ಇದು ಮಿಕ್ಸರ್ ನಲ್ಲಿಯಲ್ಲಿ. ಕೈಶವರ್‌ನ ತುದಿಯ ಗುಂಡಿ ಮಾತ್ರ ಮುಚ್ಚಿ, ಹಿಂದಿನ ಎರಡೂ ತಿರುಪು ತೆರೆದೇ ಬಿಟ್ಟರೆ ತಣ್ಣೀರು ಅಲ್ಲಿಂದ ಆಚೆ ದಾಟುತ್ತದೆ. ಬಾಯ್ಲರ್ ಜೋಡಿಸಿದ ಮನೆಗಳಲ್ಲಿ ಇದು ಜಾಸ್ತಿ ಕಾಣಲು ಕಾರಣ ಇದೆ: ಬಾಯ್ಲರ್ ನೀರು ಟ್ಯಾಂಕ್‌ನ ಎತ್ತರದಿಂದ ಮಾತ್ರ ಇಳಿಯುತ್ತದೆ, ತಣ್ಣೀರು ಪಂಪ್ ಒತ್ತಡದಲ್ಲಿ ಬರುತ್ತದೆ. 10 ಮೀಟರ್ ಎತ್ತರಕ್ಕೆ ಹತ್ತಿರಹತ್ತಿರ ಒಂದು ಬಾರ್ ಒತ್ತಡ ಅಂತ ಲೆಕ್ಕ. ಟ್ಯಾಂಕ್ 4 ಮೀಟರ್ ಮೇಲಿದ್ದರೆ 0.4 ಬಾರ್. ಎದುರಿಗೆ 2 ಬಾರ್‌ನ ತಣ್ಣೀರು ಇದ್ದರೆ ಗೆಲ್ಲುವುದು ಅದೇ. ಎರಡಕ್ಕೂ ಒಂದೇ ಟ್ಯಾಂಕ್‌ನಿಂದ ನೀರು ಕೊಡಿಸಿ, ಮಿಕ್ಸರ್‌ನ ಎರಡೂ ಕಾಲಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿಸಿ.

ಗೀಸರ್‌ನ ದೀಪವೇ ಹೊತ್ತದಿದ್ದರೆ ಗಾಬರಿ ಬೇಡ. ಒಳಬರುವ ನೀರು 55 ಇದ್ದು ಥರ್ಮೋಸ್ಟಾಟ್ 50ಕ್ಕೆ ಇಟ್ಟಿದ್ದರೆ ದೀಪ ಹೊತ್ತುವ ಕೆಲಸವೇ ಇಲ್ಲ. ಆದರೆ ಕರೆಂಟ್ ಉಳಿಸಲು ಗೀಸರ್‌ನ್ನು ಖಾಯಂ ಆಫ್ ಇಡುವುದು ನನಗೆ ಒಪ್ಪಿಗೆಯಿಲ್ಲ. 20ರಿಂದ 45 ಡಿಗ್ರಿ ನಡುವೆ ದಿನಗಟ್ಟಲೆ ನಿಂತ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯ್ಲರ್ ಅರೆಬರೆ ಕಾದ ದಿನ ಆ ನೀರನ್ನು 60ಕ್ಕೆ ಏರಿಸುವುದೇ ಗೀಸರ್‌ನ ಮುಖ್ಯ ಕೆಲಸ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ನಲ್ಲಿಯ ಹತ್ತಿರ ಮಿಕ್ಸಿಂಗ್ ವಾಲ್ವ್ ಇರಲಿ.

ಇನ್ನು ಕೆಲವು

ನೀರು ಬುಸ್ ಬುಸ್ ಅಂತ ತಡೆತಡೆದು ಬಂದರೆ ಏರ್ ಲಾಕ್. ಕಾದ ನೀರು ತನ್ನೊಳಗಿನ ಗಾಳಿ ಬಿಡುತ್ತದೆ, ಪೈಪು ಎಲ್ಲಿ ಡುಬ್ಬದಂತೆ ಎದ್ದಿದೆಯೋ ಅಲ್ಲಿ ಅದು ಸೇರುತ್ತದೆ. ಡುಬ್ಬ ತೆಗೆಯಿರಿ, ಆಗದಿದ್ದರೆ ಅದರ ನೆತ್ತಿಗೆ ಏರ್ ವೆಂಟ್ ಹಾಕಿಸಿ.

ಒಳಪೈಪು ಬಾಗಿದೆ, ಜಾಯಿಂಟ್ ಒಸರುತ್ತಿದೆ ಅಂದರೆ ಅದು ಸಾಮಾನ್ಯ ಪಿವಿಸಿ. ಅದು 60 ಡಿಗ್ರಿ ದಾಟಿದ ನೀರಿಗೆ ಅಲ್ಲವೇ ಅಲ್ಲ. ಬಿಸಿನೀರಿಗೆ ಅಂತಲೇ ಮಾಡಿದ ಸಿಪಿವಿಸಿ ಅಥವಾ ತಾಮ್ರ ಹಾಕಿಸಿ. ತಾಮ್ರದ ಸುರುಳಿಯಿಂದ ಬಂದ ನೀರನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಬಿಟ್ಟರೆ ಜಿಐ ಬೇಗ ತೂತು ಬೀಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೀಸರ್ ಒಳಗಿನ ಮೆಗ್ನೀಷಿಯಂ ಕಡ್ಡಿ ಮತ್ತು ನಿಂತ ನೀರಿನ ಬ್ಯಾಕ್ಟೀರಿಯಾ ಸೇರಿ ಮಾಡಿದ್ದು. ಟ್ಯಾಂಕ್ ಬರಿದು ಮಾಡಿ ತೊಳೆದು, 60 ಡಿಗ್ರಿಗೆ ಕಾಯಿಸಿ ನೋಡಿ.

ನಿಮ್ಮದು ಟ್ಯಾಂಕ್ ಇಲ್ಲದ, ಮೂರು ಲೀಟರ್ ಒಳಗಿನ ಇನ್‌ಸ್ಟಂಟ್ ಗೀಸರ್ ಆದರೆ ಮೊದಲು ಅದರ ಕೈಪಿಡಿ ಓದಿ. ಅಷ್ಟು ಚಿಕ್ಕ ಪಾತ್ರೆಗೆ ಬಿಸಿನೀರು ನುಗ್ಗಿದರೆ ಕ್ಷಣದಲ್ಲಿ ಮಿತಿ ದಾಟುತ್ತದೆ. ಕಾದ ನೀರು ಕೊಡಬಾರದು ಅಂತ ಬರೆದಿದ್ದರೆ ಅಲ್ಲಿಗೆ ಮುಗಿಯಿತು. ನೀರು ಮುಟ್ಟಿದಾಗ ಕೈಗೆ ಜುಂ ಅಂದರೆ ಯಾವ ಪರೀಕ್ಷೆಯೂ ಬೇಡ. ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ, ಅರ್ತಿಂಗ್ ನೋಡಿಸಿ.

ದೋಷ ಸಿಕ್ಕಿ ಸರಿ ಮಾಡಿದ ಮೇಲೆ ಬಕೆಟ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಹಳೆಯ ಬರಹದ ಪಕ್ಕದಲ್ಲೇ ಹೊಸದನ್ನೂ ಬರೆದಿಡಿ. ಗೀಸರ್‌ನ ಒಳಪೈಪಿನ ಬಾಯಿಗೆ ನೀಲಿ ಗುರುತು ಇರುತ್ತದೆ. ನೀಲಿ ಕಂಡವರು ತಣ್ಣೀರು ಅಂತಲೇ ನಂಬಿ ಕೈ ಹಾಕುತ್ತಾರೆ. ಅದರ ಪಕ್ಕ ಕೆಂಪು ಟೇಪ್ ಸುತ್ತಿ, "ಇಲ್ಲಿ ಬಾಯ್ಲರ್ ನೀರು, ಸುಡುತ್ತದೆ" ಅಂತ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ. ಬಾಯ್ಲರ್ ದಾರಿ ಮುಚ್ಚುವ ವಾಲ್ವ್ ಎಲ್ಲಿದೆ ಅಂತಲೂ ಅದರಲ್ಲೇ ಬರೆಯಿರಿ.